ಅಕ್ಕನ ಬಾಗಿಲು

ಜರ್ಮನಿಯ ಆ ಮನೆಯಲ್ಲಿ ನನಗೆ ಮೊದಲು ತೋರಿಸಿದ್ದು ನನ್ನ ಕೋಣೆಯ ಬಾಗಿಲು. ಆ ಮನೆಯ ಹುಡುಗಿಗೆ ಏಳು ವರ್ಷ. ಅವಳ ತಾಯಿ ಅವಳನ್ನು ಬಾಗಿಲ ಮುಂದೆ ನಿಲ್ಲಿಸಿ, ಒಳಗೆ ಬರಬೇಕಾದರೆ ಮೊದಲು ತಟ್ಟಬೇಕು, ಒಳಗಿನಿಂದ 'ಬಾ' ಅಂದ ಮೇಲೆಯೇ ತೆಗೆಯಬೇಕು ಎಂದು ಹೇಳಿಕೊಟ್ಟಳು. ಹುಡುಗಿ ನನ್ನ ಎದುರೇ ಅಭ್ಯಾಸ ಮಾಡಿದಳು. ನಾನು ಒಳಗೆ ಹೋಗಿ ನಿಂತೆ, ಅವಳು ಹೊರಗಿನಿಂದ ತಟ್ಟಿದಳು, ನಾನು ಬಾ ಅಂದೆ. ನನ್ನ ಜೀವಮಾನದಲ್ಲಿ ಯಾರೂ ಅದುವರೆಗೆ ನನ್ನ ಬಾಗಿಲು ತಟ್ಟಿ ಒಳಗೆ ಬಂದವರಿರಲಿಲ್ಲ.

ನಾನು ಅಲ್ಲಿಗೆ ಹೋದದ್ದು ಓ ಪೇರ್ ಆಗಿ. ಒಂದು ವರ್ಷ ಒಂದು ಕುಟುಂಬದ ಜೊತೆ ಅವರ ಮನೆಯಲ್ಲೇ ಇರಬೇಕು, ಮಗುವನ್ನು ಶಾಲೆಗೆ ಬಿಟ್ಟು ಕರೆತರಬೇಕು, ಅದರ ಜೊತೆ ಆಡಬೇಕು, ಮನೆಗೆಲಸದಲ್ಲಿ ಸ್ವಲ್ಪ ಕೈ ಜೋಡಿಸಬೇಕು, ಉಳಿದ ಹೊತ್ತಿನಲ್ಲಿ ಭಾಷೆ ಕಲಿಯಬೇಕು. ಕೈಖರ್ಚಿಗೆ ಕೊಡುತ್ತಾರೆ. ಕೆಲಸದ ಹೊತ್ತಿಗೊಂದು ಮಿತಿ ಇದೆ, ವಾರಕ್ಕೊಂದು ರಜೆ ಇದೆ, ಸ್ವಂತ ಕೋಣೆ ಇರಲೇಬೇಕು, ಊಟ ಅವರ ಮೇಜಿನ ಮೇಲೆ ಅವರ ಜೊತೆಗೇ. ಓ ಪೇರ್ ಅಂದರೆ ಕೆಲಸದವಳಲ್ಲ, ಮನೆಯವಳು. ಈ ವಾಕ್ಯವನ್ನು ನನಗೆ ಹೋಗುವ ಮೊದಲೂ ಹೇಳಿದ್ದರು, ಹೋದ ಮೇಲೂ ಹೇಳಿದರು. ನಾನೂ ಅದನ್ನು ಊರಿನಲ್ಲಿ ಬಹಳ ಜನರಿಗೆ ಹೇಳಿದೆ.

ಹೇಳಬೇಕಾಗಿತ್ತು. ನಮ್ಮ ಮನೆ ಬೈಂದೂರಿನ ಹತ್ತಿರ, ಯಡ್ತರೆ ಕಡೆ. ಅಪ್ಪಯ್ಯನದು ಮೀನಿನ ವ್ಯಾಪಾರ. ಬಂದರಿನಲ್ಲಿ ಹರಾಜಿಗೆ ನಿಂತು ಮೀನು ಕೊಂಡು, ಐಸ್ ಹಾಕಿ ಗಾಡಿಯಲ್ಲಿ ಘಟ್ಟದ ಮೇಲೆ ಕಳಿಸುತ್ತಾರೆ. ಮಗಳನ್ನು ಬ್ರಹ್ಮಾವರದಲ್ಲಿ ಕಾಲೇಜು ಓದಿಸಿ, ಹೊರದೇಶಕ್ಕೆ ಕಳಿಸಿ, ಕಡೆಗೆ ಯಾರದೋ ಮಗು ಎತ್ತಲಿಕ್ಕೆ ಬಿಟ್ಟಿರಾ ಎಂದು ನೆಂಟರು ಕೇಳುತ್ತಿದ್ದರು. ಅಮ್ಮ ಫೋನಿನಲ್ಲಿ ಆ ಉತ್ತರವನ್ನೇ ಕೊಡುತ್ತಿದ್ದಳು. "ಕೆಲ್ಸದವ್ಳ್ ಅಲ್ಲ ಮಾರಾಯ್ತಿ. ಅವ್ರ್ ಮನಿ ಹೆಣ್ಣಿನ್ ಕಣೆಗೇ ಕಾಣ್ತ್ರ್ ಅಂಬ್ರ್." ಅವರ ಮನೆಯ ಹೆಣ್ಣಿನ ಹಾಗೆಯೇ ನೋಡಿಕೊಳ್ಳುತ್ತಾರಂತೆ ಎಂದು.

ಒಮ್ಮೆ ಆ ಮನೆಯ ಯಜಮಾನ್ತಿ, ಕಿಟಕಿಗಳ ಗಾಜು ಒರೆಸುತ್ತೀಯಾ ಎಂದು ನನ್ನನ್ನು ಕೇಳಿದಳು. ಮನೆ ತುಂಬ ಕಿಟಕಿ. ನಾನು ಜರ್ಮನ್ ವಾಕ್ಯವನ್ನು ಮನಸ್ಸಿನಲ್ಲೇ ಸರಿಯಾಗಿ ಜೋಡಿಸಿಕೊಂಡು, ಅದು ನನ್ನ ಕೆಲಸದಲ್ಲಿ ಬರುವುದಿಲ್ಲ ಅಂದೆ. ಅವಳ ಮುಖ ಕೆಂಪಾಯಿತು. ಹೌದು, ಅದು ಬರುವುದಿಲ್ಲ, ಕೇಳಬಾರದಿತ್ತು ಅಂದಳು. ಆ ಶನಿವಾರ ಅವಳೇ ಏಣಿ ಹತ್ತಿ ಒರೆಸಿದಳು.

ಇದನ್ನು ನಾನು ವೀಡಿಯೊ ಕಾಲಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ ಫೋನು ಹಿಡಿದುಕೊಂಡೇ ಅಡುಗೆಮನೆಗೆ ಹೋದಳು. "ಕೇಂತಾ? ಕಿಟಕಿ ಒರ್ಸುಕ್ ಆತಿಲ್ಲೆ ಅಂದಿತ್ತಂಬ್ರ್ ನಮ್ ಹೆಣ್ಣ್. ಆ ಹೆಂಗ್ಸೇ ಒರ್ಸ್ತಂಬ್ರ್."

ಪರದೆಯ ಮೂಲೆಯಲ್ಲಿ ಅಕ್ಕ ಕಂಡಳು. ಮೆಟ್ಟುಕತ್ತಿಯ ಮೇಲೆ ಕೂತು ಬಂಗುಡೆ ಮೀನು ಕೊಯ್ಯುತ್ತಿದ್ದಳು. ಕೈ ನಿಲ್ಲಿಸದೆ ನಕ್ಕಳು. "ಹೌದಾ? ಜೋರಿತ್ತಲೆ ಹೆಣ್ಣ್," ಅಂದಳು. ನಾವು ಮೂವರೂ ನಕ್ಕೆವು. ನನಗೆ ಆಗ ಏನೂ ಅನಿಸಲಿಲ್ಲ. ಅನಿಸಿತ್ತೋ ಎಂದು ಬಹಳ ಸಲ ಹಿಂದೆ ಹೋಗಿ ನೋಡಿದ್ದೇನೆ. ಇಲ್ಲ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಅಮ್ಮನ ದೂರದ ಅಕ್ಕನೊಬ್ಬಳ ಮಗಳು, ಹಾಲಾಡಿಯಿಂದ ಇನ್ನೂ ಒಳಗಿನವಳು. ನಾನು ಹುಟ್ಟಿದಾಗ ಅಮ್ಮನಿಗೆ ಮೈಗೆ ಸರಿ ಇರಲಿಲ್ಲವಂತೆ. ಮಗುವನ್ನು ಎತ್ತಿಕೊಳ್ಳಲು ಒಂದು ಹುಡುಗಿ ಬೇಕು ಎಂದು ಅವಳನ್ನು ಕರೆತಂದರು. ಆಗ ಅವಳೇ ಒಂದು ಮಗು. ಒಂದು ವರ್ಷಕ್ಕೆಂದು ಬಂದವಳು ಹೋಗಲೇ ಇಲ್ಲ. ನಾನು ನಡೆಯಲು ಕಲಿತ ಮೇಲೆ ಅವಳಿಗೆ ಎತ್ತುವ ಕೆಲಸ ಮುಗಿಯಿತು, ಉಳಿದ ಕೆಲಸ ಶುರುವಾಯಿತು. ಅಮ್ಮನನ್ನು ಚಿಕ್ಕಿ ಎಂದು, ನನ್ನನ್ನು ಹೆಣೆ, ಅಂದರೆ ಹುಡುಗಿ, ಎಂದು ಕರೆಯುತ್ತಿದ್ದಳು. ಸೀರೆ, ಔಷಧಿ ಎಲ್ಲ ಅಮ್ಮ ನೋಡಿಕೊಳ್ಳುತ್ತಿದ್ದಳು. ಒಂದು ದಿನವೂ ಅವಳಿಗೆ ಯಾರೂ ಬೈದದ್ದು ನನಗೆ ನೆನಪಿಲ್ಲ. ಸಂಬಳದ ಮಾತು ಬರಲೇ ಇಲ್ಲ. ಮನೆ ಹೆಣ್ಣಿಗೆ ಎಂತ ಸಂಬಳ?

ನಾನು ಜರ್ಮನಿಯಲ್ಲಿದ್ದ ವರ್ಷ ಅವಳಿಗೆ ಕೊಲ್ಲೂರಿನ ಒಂದು ಲಾಡ್ಜಿನಿಂದ ಕರೆ ಬಂತು. ಯಾತ್ರಿಕರಿಗೆ ಅಡುಗೆ ಮಾಡುವವರು ಬೇಕಾಗಿದ್ದರು. ಸಂಬಳ, ಇರಲು ಜಾಗ. ಅಲ್ಲಿ ಕೆಲಸಕ್ಕಿದ್ದ ಅವಳ ಊರಿನ ಹೆಂಗಸೊಬ್ಬಳು ಹೇಳಿ ಕಳಿಸಿದ್ದಳು. ನವರಾತ್ರಿಯ ಜನ ಕರಗಿದ ಮೇಲೆ ಬರಲಿ, ಅದರಾಚೆ ಕಾಯುವುದಿಲ್ಲ ಅಂದಿದ್ದರಂತೆ. ಅಕ್ಕ ಅಮ್ಮನಿಗೆ ಹೇಳಿದಳು. ಅಮ್ಮ ಬೇಡ ಅಂದಳು. ಇನ್ನೊಮ್ಮೆ ಹೇಳಿದಳು. ಅಮ್ಮ ಅದನ್ನು ನನಗೆ ಫೋನಿನಲ್ಲಿ ಒಂದು ನೋವಿನ ಸಂಗತಿ ಎಂಬಂತೆ ತಿಳಿಸಿದಳು. "ಮನಿ ಹೆಣ್ಣ್ ಲಾಡ್ಜಿಗೆ ಕೆಲ್ಸಕ್ಕ್ ಹೋಪುದಾ? ಊರವ್ರ್ ಎಂತ ಅಂಬ್ರ್? ನಾವ್ ಅನ್ನ ಹಾಕ್ಲಿಲ್ಲೆ ಅಂಬ್ರ್." ನಾನು ಹೂಂ ಅಂದೆ. ಹೂಂ ಎಂಬುದಕ್ಕೆ ಬೇರೆ ಬೇರೆ ಅರ್ಥ ಇರಬಹುದು. ನನ್ನ ಹೂಂಗೆ ಯಾವ ಅರ್ಥವೂ ಇರಲಿಲ್ಲ.

ಅಕ್ಟೋಬರಿನಲ್ಲಿ ಅಲ್ಲಿ ಮಕ್ಕಳಿಗೆ ಶಾಲೆಯ ರಜೆ. ಯಜಮಾನ್ತಿಗೆ ನನ್ನ ಊರು ನೋಡುವ ಆಸೆ. ಅವಳ ಗಂಡನಿಗೆ ಕೆಲಸವಿತ್ತು, ಬರಲಿಲ್ಲ. ನವರಾತ್ರಿ ಮುಗಿದ ವಾರ ಅವಳು, ಹುಡುಗಿ, ನಾನು ಬಂದೆವು. ಕುಂದಾಪುರದಲ್ಲಿ ಹೋಟೆಲು ಹಿಡಿಯುವ ಅವಳ ಯೋಚನೆಯನ್ನು ಅಮ್ಮ ಕೇಳಿಸಿಕೊಳ್ಳಲೂ ಇಲ್ಲ. ವಿಮಾನದಲ್ಲೇ ಯಜಮಾನ್ತಿ ನನಗೆ ಹೇಳಿದ್ದಳು: "ಊರಲ್ಲಿರುವಷ್ಟು ದಿನ ನಿನಗೆ ರಜೆ. ಮಗಳನ್ನು ನಾನು ನೋಡಿಕೊಳ್ಳುತ್ತೇನೆ."

ಆದರೆ ಹುಡುಗಿಯನ್ನು ನೋಡಿಕೊಂಡದ್ದು ಅಕ್ಕ. ಮೊದಲ ದಿನವೇ ಹುಡುಗಿ ಅವಳ ಸೊಂಟ ಬಿಡಲಿಲ್ಲ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಹಿತ್ತಲಿನಲ್ಲಿ ಏನೋ ಮಾತು, ನಗು. ಅಕ್ಕ ಅವಳ ಕೂದಲು ಬಾಚಿ ಅಬ್ಬಲಿಗೆ ಹೂ ಮುಡಿಸಿದಳು. ನೀರ್‍ದೋಸೆಯನ್ನು ಚೂರು ಮಾಡಿ ಬಾಯಿಗಿಟ್ಟಳು. ಹುಡುಗಿ ಅವಳನ್ನು ಅಕ್ಕ ಎಂದೇ ಕರೆಯತೊಡಗಿದಳು. ನಾನು ಚಾವಡಿಯಲ್ಲಿ ಕೂತು ರಜೆ ಅನುಭವಿಸಿದೆ.

ಬಾಗಿಲಿನ ವಿಷಯ ಎರಡನೆಯ ಬೆಳಿಗ್ಗೆ ನಡೆಯಿತು. ನಾವು ತಿಂಡಿಗೆ ಕೂತಿದ್ದೆವು. ಹುಡುಗಿ ಒಂದು ಚಿತ್ರ ಬರೆದು ಅಕ್ಕನಿಗೆ ಕೊಡಬೇಕೆಂದು ಹೋದವಳು ಮನೆಯೆಲ್ಲ ಸುತ್ತಿ, ಮಾಳಿಗೆ ಹತ್ತಿ ಇಳಿದು, ಚಿತ್ರ ಕೈಯಲ್ಲೇ ಹಿಡಿದುಕೊಂಡು ವಾಪಸು ಬಂದಳು.

"ಅಕ್ಕನ ಬಾಗಿಲು ಯಾವುದು?" ಎಂದು ನನ್ನನ್ನು ಕೇಳಿದಳು.

ಅಕ್ಕ ಅಡುಗೆಮನೆಯಲ್ಲಿದ್ದಾಳೆ, ಅಲ್ಲೇ ಕೊಡು ಅಂದೆ.

"ಅಲ್ಲ. ಅದು ಅಡುಗೆಮನೆ. ಅವಳ ಬಾಗಿಲು ಯಾವುದು?"

ಅಮ್ಮ ನನ್ನತ್ತ ನೋಡಿದಳು. "ಎಂತ ಅಂಬುದ್ ಹೆಣ್ಣ್?"

ಅಕ್ಕ ಮಲಗುತ್ತಿದ್ದುದು ಅಡುಗೆಮನೆಗೆ ಅಂಟಿದ ಸಾಮಾನಿನ ಕೋಣೆಯಲ್ಲಿ. ಅಕ್ಕಿಯ ಡಬ್ಬ, ಗ್ಯಾಸಿನ ಸಿಲಿಂಡರು, ಮೀನಿನ ಐಸ್ ಪೆಟ್ಟಿಗೆಗಳು, ಗೋಡೆಗೆ ಒರಗಿಸಿದ ಅವಳ ಚಾಪೆ. ಮನೆಗೆ ತಾರಸಿ ಹಾಕಿಸಿದಾಗ ಆ ಕೋಣೆಗೆ ಬಾಗಿಲು ಇಡಿಸಿರಲಿಲ್ಲ. ಸಾಮಾನು ತೆಗೆಯಲು ಇಡಲು ಸುಲಭವಾಗಲಿ ಎಂದು. ಮಾಳಿಗೆಯಲ್ಲಿ ನನ್ನ ಕೋಣೆ ವರ್ಷವಿಡೀ ಬೀಗ ಹಾಕಿಕೊಂಡಿತ್ತು, ನಾನು ಬಂದಾಗ ಬೇಕಲ್ಲ ಎಂದು. ಅಮ್ಮನಿಗೆ ನಾನು ಹೇಳಿದೆ: "ಅಕ್ಕನ್ ಕೋಣೆ ಎಲ್ಲಿ ಅಂತ ಕೇಣ್ತಿತ್ತ್."

ಅಮ್ಮ ನಕ್ಕಳು. "ಇಡೀ ಮನಿಯೇ ಅದ್ರದ್ ಅಂತ ಹೇಳ್."

ಇಡೀ ಮನೆಯೇ ಅವಳದು ಎಂದು ನಾನು ಹಾಗೆಯೇ ಹೇಳಿದೆ, ಒಂದು ಪದ ಬಿಡದೆ. ಜರ್ಮನ್ ಭಾಷೆಯಲ್ಲಿ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿತ್ತು. ಹುಡುಗಿ ಸ್ವಲ್ಪ ಯೋಚಿಸಿ, "ಹಾಗಾದರೆ ನಾನು ಎಲ್ಲಿ ತಟ್ಟಲಿ?" ಅಂದಳು. ಯಜಮಾನ್ತಿ ಅವಳನ್ನು ಹತ್ತಿರ ಕರೆದು ತಟ್ಟೆಗೆ ದೋಸೆ ಹಾಕಿದಳು.

ಆ ಮಧ್ಯಾಹ್ನ ಯಜಮಾನ್ತಿ, ಅಕ್ಕ ಯಾರು ಎಂದು ನನ್ನನ್ನು ಕೇಳಿದಳು. ಮನೆಯವಳು ಅಂದೆ. ಹಾಗೆಂದರೆ ನಿನ್ನ ಹಾಗೆಯೇ ಅಂದಳು. ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ, ಅವಳಿಗೆ ನಿಜವಾಗಿ ಹಾಗೇ ಅನಿಸಿತ್ತು. ಅಕ್ಕನಿಗೆ ವಾರದಲ್ಲಿ ಯಾವ ದಿನ ರಜೆ, ಆ ದಿನ ಅವಳನ್ನೂ ಸಮುದ್ರಕ್ಕೆ ಕರೆದುಕೊಂಡು ಹೋಗೋಣ ಎಂದಳು. ನಾನು ಕೇಳಿ ಹೇಳುತ್ತೇನೆ ಅಂದೆ. ಯಾರನ್ನೂ ಕೇಳಲಿಲ್ಲ.

ಅವರಿದ್ದ ವಾರದಲ್ಲೇ ನಮ್ಮ ಮನೆಯಲ್ಲಿ ಹೊಸ್ತು ಬಂತು. ಹೊಸ ಭತ್ತದ ಕದಿರನ್ನು ಮನೆಗೆ ತಂದು ಪೂಜೆ ಮಾಡಿ, ಬಾಗಿಲಿಗೆ, ಬಾವಿಯ ಕಂಬಕ್ಕೆ, ಪಾತ್ರೆಗಳಿಗೆ ಕಟ್ಟಿ, ಹೊಸ ಅಕ್ಕಿ ಸೇರಿಸಿದ ಅನ್ನ ಉಣ್ಣುವ ದಿನ. ನಮಗೆ ಗದ್ದೆ ಇಲ್ಲ, ನೆರೆಮನೆಯ ಗದ್ದೆಯಿಂದ ಕದಿರು ತರುತ್ತೇವೆ. ಹುಡುಗಿಗೆ ಕಟ್ಟುವ ಕೆಲಸ ಬಹಳ ಹಿಡಿಸಿತು. ಫ್ರಿಜ್ಜಿಗೆ, ಅಪ್ಪಯ್ಯನ ಮೀನಿನ ಗಾಡಿಗೆ ಕಟ್ಟಿದಳು. ಸಾಮಾನಿನ ಕೋಣೆಯ ಮುಂದೆ ನಿಂತು ಕಟ್ಟಲು ಜಾಗ ಹುಡುಕಿ, ಸಿಗದೆ, ಕಡೆಗೆ ಅಕ್ಕನ ಚಾಪೆಯ ಸುರುಳಿಗೆ ಸಿಕ್ಕಿಸಿದಳು.

ಹೊಸ್ತಿನ ಊಟಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಅನ್ನ ಬಾಯಿಗಿಡುವ ಮೊದಲು, ಕಿರಿಯರು ತಮಗಿಂತ ಹಿರಿಯರಾದ ಪ್ರತಿಯೊಬ್ಬರಿಗೂ 'ಹೊಸ್ತ್ ಉಂತೆ', ಅಂದರೆ ಹೊಸ್ತು ಉಣ್ಣುತ್ತೇನೆ, ಎಂದು ಹೇಳಬೇಕು. ಅವರು 'ಉಣ್' ಎನ್ನಬೇಕು. ಅಷ್ಟಾದ ಮೇಲೆ ಊಟ. ಆ ಎರಡು ಪದವನ್ನು ಹುಡುಗಿಗೆ ನಾನೇ ಕಲಿಸಿದೆ. ಯಾರ್‍ಯಾರಿಗೆ ಹೇಳಬೇಕು ಎಂದು ಕೇಳಿದಳು. ಮನೆಯಲ್ಲಿ ನಿನಗಿಂತ ದೊಡ್ಡವರು ಯಾರಿದ್ದಾರೋ ಅವರೆಲ್ಲರಿಗೆ ಅಂದೆ. ನಿಯಮ ಇರುವುದೇ ಅಷ್ಟು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಬಾಳೆಲೆ ಹಾಕಿದರು. ಅಪ್ಪಯ್ಯನಿಗೆ, ಅಮ್ಮನಿಗೆ, ಯಜಮಾನ್ತಿಗೆ, ನನಗೆ, ಹುಡುಗಿಗೆ. ಅಕ್ಕ ಬಡಿಸಿದಳು. ಅಮ್ಮ ಅಪ್ಪಯ್ಯನಿಗೆ ಹೇಳಿದಳು. ನಾನು ಇಬ್ಬರಿಗೂ ಹೇಳಿದೆ, ಯಜಮಾನ್ತಿಗೂ ಹೇಳಿದೆ. ಅವಳು ಕಷ್ಟಪಟ್ಟು 'ಉಣ್' ಅಂದಳು, ಅಪ್ಪಯ್ಯ ನಕ್ಕರು. ಹುಡುಗಿ ಎಲ್ಲರ ಮುಂದೆಯೂ ಹೋಗಿ ಹೇಳಿದಳು. ಎಲ್ಲರೂ ಉಣ್ ಅಂದರು. ಆಮೇಲೆ ಅವಳು ತನ್ನ ಎಲೆಗೆ ಬರದೆ ನೇರ ಅಡುಗೆಮನೆಗೆ ನಡೆದಳು.

ಅಕ್ಕ ಹುಳಿಯ ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದಳು. ಹುಡುಗಿ ಅವಳ ದಾರಿಗೆ ಅಡ್ಡ ನಿಂತು, ನಾನು ಕಲಿಸಿದ ಹಾಗೆಯೇ, "ಹೊಸ್ತ್ ಉಂತೆ, ಅಕ್ಕ," ಅಂದಳು.

ನಾನು ಹುಟ್ಟಿದಂದಿನಿಂದ ಆ ಮನೆಯಲ್ಲಿ ಅವಳಿಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನೊಬ್ಬಳೇ. ಮನೆಯಲ್ಲಿ ಅವಳಿಗಿಂತ ಚಿಕ್ಕವಳು ನಾನು ಮಾತ್ರ. ಪ್ರತಿ ವರ್ಷ ನಾವು ಉಂಡೆದ್ದ ಮೇಲೆ ಅವಳು ಅಡುಗೆಮನೆಯಲ್ಲಿ ಉಣ್ಣುತ್ತಿದ್ದಳು, ಎಲ್ಲ ದಿನದ ಹಾಗೆ.

ಅಕ್ಕ ಉಣ್ ಅನ್ನಲಿಲ್ಲ. ಸೌಟು ಪಾತ್ರೆಯ ಮೇಲೆಯೇ ನಿಂತಿತ್ತು. ಅವಳು ಅಮ್ಮನನ್ನು ನೋಡಿದಳು.

"ಹೇಳ್ ಮಾರಾಯ್ತಿ. ಹೆಣ್ಣ್ ಕಾಯ್ತಾ ಇತ್ತ್ ಕಾಣ್," ಅಂದಳು ಅಮ್ಮ.

"ಉಣ್ ಮಗಾ," ಅಂದಳು ಅಕ್ಕ. ಅವಳ ದನಿ ಬಹಳ ಸಣ್ಣದಾಗಿತ್ತು.

ಹುಡುಗಿ ಬಂದು ಕೂತಳು. ಕೂತು ಎಲೆಗಳನ್ನು ನೋಡಿದಳು. ಅಕ್ಕನ ಎಲೆ ಎಲ್ಲಿ ಎಂದು ತಾಯಿಯನ್ನು ಕೇಳಿದಳು. ತಾಯಿ ನನ್ನನ್ನು ನೋಡಿದಳು. ನಾನು ಅಮ್ಮನಿಗೆ ಹೇಳಿದೆ. "ಬಡ್ಸುಕೆ ಒಬ್ರ್ ಬೇಕಲೆ," ಅಂದಳು ಅಮ್ಮ. ಬಡಿಸಲು ಒಬ್ಬರು ಬೇಕಲ್ಲ ಎಂದು ನಾನು ಯಜಮಾನ್ತಿಗೆ ಹೇಳಿದೆ.

"ಅದಕ್ಕೇನು, ನಾನು ಬಡಿಸುತ್ತೇನೆ," ಎಂದು ಯಜಮಾನ್ತಿ ಎದ್ದು ನಿಂತಳು.

ಅದನ್ನು ಯಾರೂ ಅಮ್ಮನಿಗೆ ಅನುವಾದಿಸಬೇಕಾಗಲಿಲ್ಲ. ಮನೆಗೆ ಬಂದವರು ಸೌಟು ಹಿಡಿಯುವುದು ಅಂದರೆ ಅಮ್ಮನಿಗೆ ಹೊಸ್ತಿನ ದಿನ ಒಲೆ ಆರಿದ ಹಾಗೆ. ಅವಳು ಎದ್ದು ಬಂದು ಅಕ್ಕನ ಕೈಯಿಂದ ಪಾತ್ರೆ ಕಿತ್ತುಕೊಂಡಳು. "ಕೂಕೋ ನೀ. ನನ್ ಎಲಿಗೇ ಕೂಕೋ. ಇಲ್ದಿರೆ ಈ ಹೆಂಗ್ಸ್ ಬಡ್ಸುಕ್ ಹೊರಟಿತ್ತ್."

"ನಾ ಕಡಿಗ್ ಉಂತೆ ಚಿಕ್ಕಿ."

"ಕೂಕೋ ಅಂದೆ."

ಅಕ್ಕ ಕೂತಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು. ಅಪ್ಪಯ್ಯನತ್ತ ತಿರುಗಿ ಹೇಳಿ, ಆಮೇಲೆ ನಿಂತಿದ್ದ ಅಮ್ಮನತ್ತ ಮುಖ ಎತ್ತಿ, "ಹೊಸ್ತ್ ಉಂತೆ ಚಿಕ್ಕಿ," ಅಂದಳು. ಅಮ್ಮ ಉಣ್ ಅನ್ನುವಾಗ ಬಡಿಸುತ್ತಿದ್ದ ಹುಳಿ ಎಲೆಯಿಂದ ಆಚೆ ಚೆಲ್ಲಿತು.

ಇನ್ನು ಉಳಿದದ್ದು ನಾನು. ಅಕ್ಕ ನನ್ನ ಪಕ್ಕದಲ್ಲೇ ಇದ್ದಳು. ಅವಳು ನನ್ನನ್ನು ನೋಡಲಿಲ್ಲ, ಅದು ಅವಳ ದೊಡ್ಡತನ. ಎರಡು ಪದ. ಏಳು ವರ್ಷದ ಪರದೇಶದ ಮಗು ಸ್ಪಷ್ಟವಾಗಿ ಹೇಳಿದ್ದು. ಈಗ ಹೇಳಿದರೆ ಇಷ್ಟು ವರ್ಷ ಹೇಳದ್ದನ್ನೂ ಎಲ್ಲರ ಮುಂದೆ ಹೇಳಿದ ಹಾಗಾಗುತ್ತದೆ ಎಂದು ನನಗೆ ಅನಿಸಿತು. ನಾನು ತಲೆ ತಗ್ಗಿಸಿ ಅನ್ನ ಕಲಸಿದೆ. ಹೊಸ ಅಕ್ಕಿಯ ಅನ್ನ ಮೆತ್ತಗಿತ್ತು, ಅಂಟುತ್ತಿತ್ತು. ಉಂಡೆ.

ಮರುದಿನ ಕೊಲ್ಲೂರಿಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಅಪ್ಪಯ್ಯ ಬಾಡಿಗೆ ಕಾರು ಹೇಳಿದ್ದರು. ಹುಡುಗಿ ಅಕ್ಕನ ಕೈ ಹಿಡಿದು ಎಳೆದಳು. ನೀನೂ ಹೋಗು ಎಂದು ಅಮ್ಮನೇ ಹೇಳಿದಳು. ಅಕ್ಕ ಒಳಗೆ ಹೋಗಿ ಬಂದಾಗ ಅವಳ ಕೈಯಲ್ಲಿ ಜವಳಿ ಅಂಗಡಿಯ ಒಂದು ಕೈಚೀಲವಿತ್ತು. ಕಟ್ಟಿದ ಬಾಯಿಯಿಂದ ಸೀರೆಯ ಅಂಚು ಕಾಣುತ್ತಿತ್ತು. ಅಮ್ಮ ಚೀಲ ನೋಡಿದಳು. ಯಜಮಾನ್ತಿ ಪಕ್ಕದಲ್ಲೇ ನಿಂತಿದ್ದಳು, ಕಾರಿನವನು ಬಾಗಿಲು ತೆಗೆದಿದ್ದ.

"ಸಂಜಿ ಆಪುದ್ರೊಳ್ಗೆ ಬನ್ನಿ. ಎಲ್ಲ ಬನ್ನಿ," ಅಂದಳು ಅಮ್ಮ.

ಅಕ್ಕ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯ ಹೊರಗೆ ನೋಡಿದಳು.

ದೇವರ ದರ್ಶನ ಆದ ಮೇಲೆ ಅಕ್ಕ ನನ್ನ ಹತ್ತಿರ ಬಂದು, "ನಾ ಇಲ್ಲೇ ಇಪ್ಪುದ್ ಹೆಣೆ. ನೀವ್ ಹೋಯ್ನಿ," ಅಂದಳು. ಚೀಲ ನೋಡಿದಾಗಲೇ ನನಗೆ ಗೊತ್ತಿತ್ತು. ಲಾಡ್ಜಿನ ಕೆಲಸದ ವಿಷಯ ಯಜಮಾನ್ತಿಗೆ ತಿಳಿಸಿದೆ. ಲಾಡ್ಜಿನವರೆಗೆ ಜೊತೆಗೆ ಹೋಗೋಣ ಎಂದು ಅವಳೇ ಮುಂದೆ ನಡೆದಳು. ಮ್ಯಾನೇಜರರ ಎದುರು ನಿಂತು ಅವಳು ನನ್ನ ಮೂಲಕ ಪ್ರಶ್ನೆ ಕೇಳತೊಡಗಿದಳು. ಬೆಳಿಗ್ಗೆ ಎಷ್ಟು ಹೊತ್ತಿಗೆ ಶುರು? ಮಧ್ಯೆ ಬಿಡುವು ಉಂಟಾ? ರಜೆ ಯಾವಾಗ? ಮಲಗುವುದು ಎಲ್ಲಿ? ಊಟ ಯಾರ ಜೊತೆ?

"ಇವ್ರ್ ಯಾರ್? ಲೇಬರ್ ಆಫೀಸಿನವ್ರಾ?" ಎಂದು ಮ್ಯಾನೇಜರು ನಕ್ಕರು. ಆದರೆ ಒಂದೊಂದಕ್ಕೂ ಉತ್ತರ ಕೊಟ್ಟರು. ಅಕ್ಕ ಒಂದೊಂದನ್ನೂ ತಲೆ ಅಲ್ಲಾಡಿಸುತ್ತ ಕೇಳಿದಳು. ಆ ಪ್ರಶ್ನೆಗಳು ನನಗೆ ಬಾಯಿಪಾಠ ಬರುತ್ತಿದ್ದವು. ಜರ್ಮನಿಗೆ ಹೋಗುವ ಮೊದಲು ನನಗಾಗಿ ನಾನು ಕೇಳಿದ್ದ ಪ್ರಶ್ನೆಗಳೇ. ಕನ್ನಡದಲ್ಲಿ ಅವು ನನ್ನ ಬಾಯಿಂದ ಬಂದದ್ದು ಅದೇ ಮೊದಲು, ಅದೂ ಇನ್ನೊಬ್ಬಳ ಮಾತಾಗಿ.

ಹಿಂದಿನ ಅಂಗಳದ ಒಂದು ಕೋಣೆ ತೋರಿಸಿದರು. ಮೂರು ಮಂಚ, ಮೂರನೆಯದು ಅಕ್ಕನಿಗೆ. ಹಳೆಯ ಮರದ ಬಾಗಿಲು, ಅದರ ಮೊಳೆಗೆ ಯಾರದೋ ಟವೆಲ್ಲು. ಹುಡುಗಿ ಬಾಗಿಲನ್ನು ಒಮ್ಮೆ ಮುಚ್ಚಿ, ತೆರೆದು ನೋಡಿದಳು. ಅಷ್ಟೇ.

ಮನೆ ಮುಟ್ಟಿದಾಗ ಅಮ್ಮ ಗೇಟಿನಲ್ಲಿದ್ದಳು. ಕಾರಿನ ಹಿಂದಿನ ಸೀಟು ನೋಡಿದಳು. "ನಂಗ್ ಗೊತ್ತಿತ್ತ್," ಅಂದಳು. ಗೇಟು ಎಳೆದು ಮುಚ್ಚುತ್ತ, "ಹೇಳಿ ಹೋಪುಕ್ ಎಂತ ಆಯಿತ್ತ್ ಅದ್ಕೆ?"

"ಹೇಳಿತ್ತಲೆ ಅಮ್ಮ. ಎರಡ್ ಸಲ ಹೇಳಿತ್ತ್."

ಅಮ್ಮ ನನ್ನನ್ನು ನೋಡಿದ ನೋಟ ಕೋಪದ್ದಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಗಾಬರಿಯಾಗಿದ್ದಳು. ಮರುಕ್ಷಣ ಯಜಮಾನ್ತಿಯತ್ತ ತಿರುಗಿ ನಕ್ಕು, ಚಾ ಕುಡಿಯುವಂತೆ ಕೈಯಲ್ಲೇ ಸನ್ನೆ ಮಾಡಿ ಒಳಗೆ ಕರೆದಳು.

ಮರುದಿನ ಬೆಳಿಗ್ಗೆ ಅಮ್ಮನೇ ಮೆಟ್ಟುಕತ್ತಿಗೆ ಕೂತಳು. ಮೀನು ನಾನು ಕೊಯ್ಯುತ್ತೇನೆ ಎಂದು ಹತ್ತಿರ ಹೋದೆ. "ನೀ ಕೂಕೋ. ನಿಂಗ್ ರಜಿ ಅಲ್ದಾ?" ಅಂದಳು. ತಲೆ ಎತ್ತಲಿಲ್ಲ. ನನಗೆ ಮೀನು ಕೊಯ್ಯಲು ಬರುತ್ತಿರಲಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಆ ಕೆಲಸ ನನಗೆ ಕಲಿಸಬೇಕಾದ ಅಗತ್ಯ ಆ ಮನೆಯಲ್ಲಿ ಬಂದೇ ಇರಲಿಲ್ಲ.

ಮುಂದಿನ ವರ್ಷದ ಹೊಸ್ತಿನ ಹೊತ್ತಿಗೆ ನಾನು ಮತ್ತೆ ಜರ್ಮನಿಯಲ್ಲಿದ್ದೆ, ಬೇರೊಂದು ಊರಿನಲ್ಲಿ, ಶಿಶುವಿಹಾರದ ಶಿಕ್ಷಕಿಯ ತರಬೇತಿಗೆ. ಹೊಸ ಅಕ್ಕಿ ಇರಲಿಲ್ಲ. ಇದ್ದ ಅಕ್ಕಿಯಲ್ಲೇ ಅನ್ನ ಮಾಡಿ ಅಪ್ಪಯ್ಯನಿಗೆ, ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಇಬ್ಬರೂ ಉಣ್ ಅಂದರು. ಆಮೇಲೆ ತಟ್ಟೆಯನ್ನು ಮುಂದಿಟ್ಟುಕೊಂಡು ಅಕ್ಕನಿಗೆ ಫೋನು ಮಾಡಿದೆ. ಬಹಳ ಹೊತ್ತು ರಿಂಗಾಯಿತು. ಎತ್ತಿದಾಗ ಹಿಂದೆ ಪಾತ್ರೆಗಳ ಸದ್ದು, ಯಾರೋ ಸಾರು ಸಾರು ಎಂದು ಕೂಗುತ್ತಿದ್ದರು.

"ಅಕ್ಕ," ಅಂದೆ.

"ಹ್ವಾಯ್, ನೀನಾ? ಈಗ ಪುರ್ಸೊತ್ತಿಲ್ಲೆ ಹೆಣೆ, ಪಂಕ್ತಿ ಕೂತಿತ್ತ್. ಬಡ್ಸಿ ಆದ್ಮೇಲ್ ನಂಗ್ ಬಿಡುವು. ಆಗ ಮಾಡ್."

ಫೋನು ಇಟ್ಟಳು. ನಾನು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಕಾದು ಕೂತೆ.